ಲ್ಯಾಬ್ರಡಾರ್ ಮರಿಗೆ ಫೀಲ್ಡ್ ಟ್ರೇನಿಂಗ್: ಎಲ್ಲಿಂದ ಶುರು ಮಾಡೋದು?

ವಿದ್ಯಾನಗರ, ದಾವಣಗೆರೆಯಿಂದ ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿಗೆ ಈಗ ನಾಲ್ಕು ತಿಂಗಳು. ಚೆಂಡು ಎಸೆದರೆ ಬಾಣದ ಹಾಗೆ ಹೋಗುತ್ತಾನೆ, ಆದರೆ ತಂದು ಕೊಡಲ್ಲ, ಕಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಹೊರದೇಶದ ಬಾತುಕೋಳಿ ಬೇಟೆ, ಫೀಲ್ಡ್ ಟ್ರಯಲ್ (ಬೇಟೆನಾಯಿಗಳ ಸ್ಪರ್ಧೆ) ವಿಡಿಯೋ ನೋಡಿ ಇವನನ್ನೂ ಹಾಗೆ ತಯಾರು ಮಾಡೋ ಆಸೆ. ಅನುಭವ ಇರೋರು ಹೇಳಿ.

ಚನ್ನಗಿರಿಯಿಂದ: ಬೇಟೆ ಮಾತು ಇಲ್ಲಿಗೇ ಬಿಡಿ ಸರ್. 1972ರ ವನ್ಯಜೀವಿ ಕಾಯ್ದೆ ಇದೆ, ಮೊಲ, ಕೌಜುಗ ಹಿಡಿದರೂ ಕೇಸು. ಅದಕ್ಕೆ ಬೇಜಾರಾಗಬೇಡಿ. ಬ್ರಿಟನ್‌ನಲ್ಲೂ ಫೀಲ್ಡ್ ಟ್ರಯಲ್‌ಗೆ ಮಾತ್ರ ನಿಜವಾದ ಹಕ್ಕಿ, ವರ್ಕಿಂಗ್ ಟೆಸ್ಟ್ ಅನ್ನೋ ಸ್ಪರ್ಧೆ ಹೆಚ್ಚಾಗಿ ಕ್ಯಾನ್ವಾಸ್ ಡಮ್ಮಿಯಲ್ಲೇ, ಅಂದರೆ ಹಕ್ಕಿ ಬದಲು ಎಸೆಯೋ ತುಂಬಿದ ಚೀಲದಲ್ಲೇ ನಡೆಯುತ್ತದೆ. ದೊಡ್ಡ ನಾಯಿಗೆ ಅರ್ಧ ಕೆಜಿ ಆಸುಪಾಸಿನ ಡಮ್ಮಿ. ನಿಮ್ಮ ಮರಿಗೆ ಬಟ್ಟೆ ತುರುಕಿದ ಹಳೇ ಸಾಕ್ಸ್ ಸಾಕು.

ಓಡೋದು ಇವಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ, ಅದನ್ನ ಕಲಿಸಬೇಕಿಲ್ಲ. ಕಲಿಸಬೇಕಿರೋದು ಎರಡೇ: ಕರೆದರೆ ಬರೋದು, ಹೇಳೋವರೆಗೂ ಕೂತಿರೋದು. ನಾನು ಅಡಿಕೆ ತೋಟದ ಸಾಲಿನಲ್ಲಿ ಶುರು ಮಾಡಿದೆ. ಎರಡೂ ಕಡೆ ಮರ, ಒಂದು ಪಕ್ಕ ಬೇಲಿ. ಸಾಕ್ಸ್ ಹತ್ತಿರದಲ್ಲೇ ಎಸೆದರೆ ಅವನಿಗೆ ವಾಪಸ್ ಬರೋಕೆ ನನ್ನ ಕಡೆ ಬಿಟ್ಟು ಬೇರೆ ದಾರಿ ಇಲ್ಲ. ನಿಮ್ಮ ಮನೆಯಲ್ಲಿ ಪಡಸಾಲೆಯ ಬಾಗಿಲುಗಳನ್ನೆಲ್ಲ ಹಾಕಿಕೊಳ್ಳಿ, ಮುಖ್ಯವಾಗಿ ಆ ಮಂಚದ ಕೋಣೆದು! ಅವನು ಎತ್ತಿಕೊಂಡ ತಕ್ಷಣ ಅಟ್ಟಿಸಿಕೊಂಡು ಹೋಗಬೇಡಿ, ಅವನಿಗೆ ಅದು ಆಟ ಆಗುತ್ತದೆ. ಬೆನ್ನು ತಿರುಗಿಸಿ ನೀವೇ ಎರಡು ಹೆಜ್ಜೆ ಓಡಿ. ಹಿಂದೆ ಬಂದೇ ಬರುತ್ತಾನೆ.

ಒಂದು ಸಲಕ್ಕೆ ಎರಡೋ ಮೂರೋ ಎಸೆತ, ಅಷ್ಟೇ. ಇನ್ನೂ ಬೇಕು ಅಂತ ಮುಖ ನೋಡುತ್ತಿರುವಾಗಲೇ ನಿಲ್ಲಿಸಬೇಕು. ಬೇಜಾರು ಬರೋವರೆಗೂ ಎಸೆದರೆ ಮಾರನೇ ದಿನ ಸಾಕ್ಸ್ ಮೂಸಿ ನೋಡಿ ಹೊರಟುಹೋಗುತ್ತಾನೆ. ಆರು ತಿಂಗಳವರೆಗೂ ಹಲ್ಲು ಬೀಳೋ ಹೊತ್ತು, ಒಸಡು ನೋಯುತ್ತಿರುತ್ತದೆ. ಆಗ ಎಳೆದಾಡೋ ಆಟ ಬೇಡವೇ ಬೇಡ.

ಚಿತ್ರದುರ್ಗದಿಂದ: ಮೇಲಿನವರು ಹೇಳಿದ್ದು ಸರಿ. ಆದರೆ ಕೂರಿಸೋದು ಅವರು ಹೇಳಿದಷ್ಟು ಸುಲಭ ಅಲ್ಲ. ಡಮ್ಮಿ ಗಾಳಿಯಲ್ಲಿರುವಾಗ ಮರಿಯ ಮೈ ಪೂರ್ತಿ ನಡುಗುತ್ತಿರುತ್ತದೆ. ಎದೆಗೆ ಕೈ ಅಡ್ಡ ಇಟ್ಟು ಹಿಡಿದುಕೊಳ್ಳಿ, ಆ ಬಿಗಿ ಸಡಿಲ ಆದ ಮೇಲೆ ಹೆಸರು ಹೇಳಿ ಬಿಡಿ. ಆಗಾಗ ನೀವೇ ಹೋಗಿ ಎತ್ತಿಕೊಂಡು ಬನ್ನಿ, ಅವನು ಕೂತು ನೋಡಲಿ. ಬಿದ್ದದ್ದೆಲ್ಲ ನಂದಲ್ಲ ಅಂತ ಗೊತ್ತಾಗಬೇಕು. ಸ್ಪರ್ಧೆಯಲ್ಲಿ ಹೇಳೋ ಮುಂಚೆ ಓಡಿದ ನಾಯಿ ಎಷ್ಟೇ ಜಾಣ ಆದರೂ ಸೋತ ಹಾಗೇ.

ಇನ್ನು ಗಾಳಿ. ನಮ್ಮ ದುರ್ಗದಲ್ಲಿ ಸುಮ್ನೆ ಗುಡ್ಡದ ಮೇಲೆಲ್ಲ ಫ್ಯಾನ್ ನಿಲ್ಲಿಸಿಲ್ಲ ಅಲ್ವಾ? ಡಮ್ಮಿ ಹುಲ್ಲಲ್ಲಿ ಬಿದ್ದರೆ ನಾಯಿಯನ್ನ ಗಾಳಿಗೆ ಎದುರಾಗಿ ಕಳಿಸಿ. ವಾಸನೆ ತಾನಾಗಿ ಮೂಗಿಗೆ ಬರುತ್ತದೆ, ಮೂಗು ನಂಬೋದು ಹೀಗೇ ಕಲಿಯುತ್ತಾನೆ. ಶೇಂಗಾ ಕಿತ್ತ ಹೊಲ ಒಳ್ಳೇದು. ಮೆಕ್ಕೆಜೋಳದ ಕೂಳೆಗೆ ಬಿಡಬೇಡಿ, ಚೂಪಾಗಿರುತ್ತದೆ, ಕಣ್ಣಿಗೇ ಚುಚ್ಚಬಹುದು.

ಬಿಸಿಲು ಏರೋದರೊಳಗೆ ಮುಗಿಸಿ. ಹೊಲದಿಂದ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ನೋಡಿ. ಟಿಕ್ ಫೀವರ್ ಬಂದರೆ ಟ್ರೇನಿಂಗ್ ಅಲ್ಲ, ನಾಯಿಯೇ ಕೈ ಬಿಟ್ಟು ಹೋಗಬಹುದು.

ಹರಿಹರದಿಂದ: ಪಟಾಕಿ ಹೊಡೆದು ಧೈರ್ಯ ಪರೀಕ್ಷೆ ಮಾಡೋರ ಮಾತು ಕೇಳಬೇಡಿ. ಒಂದು ಸಲ ಹೆದರಿದರೆ ಬಿಡಿಸೋದು ಬಹಳ ಕಷ್ಟ. ಸದ್ದಿಗೆ ಒಗ್ಗಿಸೋಕೆ ಊಟದ ಹೊತ್ತಿಗೆ ದೂರದಲ್ಲಿ ತಟ್ಟೆ ಬಡಿಯಿರಿ, ದಿನ ಕಳೆದಂತೆ ಹತ್ತಿರ ಬನ್ನಿ. ನೀರಿಗೆ ಬಿಡೋದಾದರೆ ಹಕ್ಕಿಗಳಿರೋ ಕುಂದವಾಡ ಕೆರೆ ಬೇಡ. ಎಲ್ಲೇ ಬಿಡಿ, ಲೆಪ್ಟೋ (ಇಲಿ ಜ್ವರ) ಲಸಿಕೆ ಆಗಿದೆಯಾ ಅಂತ ಮೊದಲು ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಇವತ್ತು ಬಾಗಿಲು ಹಾಕಿ ನೋಡಿದೆ, ತಂದ! ಆದರೆ ಬಾಯಿ ಬಿಡಲಿಲ್ಲ. ಕಿತ್ತುಕೊಳ್ಳಬಹುದಾ?

ಚನ್ನಗಿರಿಯಿಂದ: ಬೇಡ. ಕಿತ್ತರೆ ಇನ್ನೂ ಗಟ್ಟಿಯಾಗಿ ಕಚ್ಚೋದು ಕಲಿಯುತ್ತಾನೆ. ತಂದ ತಕ್ಷಣ ಬಾಯಿಗೆ ಕೈ ಹಾಕಬೇಡಿ, ಸಾಕ್ಸ್ ಬಾಯಲ್ಲೇ ಇರಲಿ, ಎದೆ ಸವರಿ. ಸ್ವಲ್ಪ ಹೊತ್ತು ಬಿಟ್ಟು ಮೂಗಿನ ಹತ್ತಿರ ಕೋಳಿ ತುಂಡು ಹಿಡಿಯಿರಿ. ಬಾಯಿ ಬಿಡುವಾಗ 'ಕೊಡು' ಅನ್ನಿ.