ಆಟೊಮ್ಯಾಟಿಕ್ ಗಾಡಿಯ ಗೇರ್ ಆಯಿಲ್ ಮನೇಲೇ ಬದಲಿಸಬಹುದಾ?

ಪ್ರಶ್ನೆ: ಕೌಲ್ ಬಜಾರ್, ಬಳ್ಳಾರಿ

ಹೋದ ವರ್ಷ ಸೆಕೆಂಡ್ ಹ್ಯಾಂಡಲ್ಲಿ 2017ರ ಇನ್ನೋವಾ ಕ್ರಿಸ್ಟಾ ತಗೊಂಡೆ, ಡೀಸೆಲ್ ಆಟೊಮ್ಯಾಟಿಕ್. ಈಗ 1,12,000 ಕಿ.ಮೀ. ಆಗಿದೆ. ಬೆಳಿಗ್ಗೆ ಹೊರಟಾಗ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಸಣ್ಣಗೆ ಜಗ್ಗುತ್ತೆ, ಬಿಸಿಯಾದ ಮೇಲೆ ಸರಿಹೋಗುತ್ತೆ. ಸರ್ವಿಸ್ ಸೆಂಟರಲ್ಲಿ "ಅದು ಲೈಫ್‌ಟೈಮ್ ಆಯಿಲ್ ಸರ್, ಮುಟ್ಟಬೇಡಿ" ಅಂದರು. ಯಾರ ಲೈಫ್‌ಟೈಮ್ ಅಂದಿದ್ದಕ್ಕೆ ನಕ್ಕರು, ಅಷ್ಟೇ.

ಹಳೆ ಓನರ್ ಸಂಡೂರು ಗಣಿ ಕಡೆ ಓಡಿಸಿದವರು. ಈ ಆಯಿಲ್ ಬದಲಿಸಿದ ಬಿಲ್ಲು ಒಂದೂ ಇಲ್ಲ. ಎಂಜಿನ್ ಆಯಿಲ್ ನಾನೇ ಬದಲಿಸ್ತೀನಿ, ಇದೂ ಆಗುತ್ತಾ? ಅಳೆಯೋ ಕಡ್ಡಿ, ಡಿಪ್‌ಸ್ಟಿಕ್ಕೇ ಇಲ್ವಲ್ಲ, ಲೆವೆಲ್ ನೋಡೋದು ಹೇಗೆ?

ಉತ್ತರ 1: ಕೊಪ್ಪಳ

ಮಾಡ್ರಿ. ಆದ್ರ ಮೊದಲ ಆಯಿಲ್ ಹಾಕೋ ಬೋಲ್ಟ್ ಸಡ್ಲ ಆಗ್ತೈತಿ ಇಲ್ಲೋ ನೋಡ್ರಿ, ಆಮ್ಯಾಲೆ ಕೆಳಗಿಂದು ಬಿಚ್ರಿ. ನಾ ಉಲ್ಟಾ ಮಾಡಿದ್ನಿ. ಎಲ್ಲಾ ಇಳಿಸಿದ ಮ್ಯಾಲೆ ಮ್ಯಾಲಿನ ಬೋಲ್ಟಿಗೆ ಪಾನಾ ಹಾಕಿದ್ರ ತಿರುಗವಲ್ದು, ಮೂಲಿ ಸವದು ಗುಂಡಗಾತು. ಗಾಡಿ ಅಂಗಳದಾಗ, ಆಯಿಲ್ ಬಕೀಟಿನ್ಯಾಗ. ಎರಡು ದಿನ ಬಿಟ್ಟು ಲಾರಿ ಮ್ಯಾಲೆ ಹೇರಿಸಿ ಗ್ಯಾರೇಜಿಗೆ ಒಯ್ದೆ. ಮನ್ಯಾಗಿನವ್ರು ಇನ್ನೂ ಅಂತಾರ.

ಉತ್ತರ 2: ಶಕ್ತಿನಗರ, ರಾಯಚೂರು

ಕೊಪ್ಪಳದವರು ಹೇಳಿದ್ದು ಖರೆ. ಬಿಚ್ಚೋಕಿಂತ ಮೊದಲು ಆ ಆಯಿಲ್ ಹಾಕೋ ಬೋಲ್ಟಿನ ಸುತ್ತ ಬ್ರಷ್ ಹಾಕಿ ಒರೆಸ್ರಿ. ಸಂಡೂರಿನ ಕೆಂಪು ಧೂಳು ಒಳಗ ಬಿದ್ರ ಗೇರ್ ಡಬ್ಬಿ ಕೆಟ್ಟಂಗ.

ಲೆವೆಲ್ ವಿಷಯ ಸ್ವಲ್ಪ ನಿಧಾನ ಓದ್ರಿ. ಪ್ಯಾನಿನಾಗ (ಗೇರ್ ಡಬ್ಬಿ ತಳದ ತಟ್ಟಿ) ಆಯಿಲ್ ಇಳಿಸೋ ಡ್ರೇನ್ ಬೋಲ್ಟ್ ಬಿಟ್ಟು ಇನ್ನೊಂದು ಓವರ್‌ಫ್ಲೋ ಬೋಲ್ಟ್ ಇರ್ತದ. ಇಳಿದಷ್ಟು ಅಳೆದು ಹಾಕಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಗೇರ್ ಲಿವರ್ ಪಿ ಇಂದ ಡಿ ತನಕ ಒಂದೊಂದರಾಗ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತ ಪಿ ಗೆ ತರ್ರಿ. ಎಂಜಿನ್ ನಡೀತಿರೋವಾಗ್ಲೇ ಆ ಓವರ್‌ಫ್ಲೋ ಬೋಲ್ಟ್ ಬಿಚ್ರಿ. ಧಾರೆ ಸುರಿದು, ತೆಳ್ಳಗಾಗಿ, ಹನಿಗೆ ಬಂದಾಗ ಮುಚ್ಚಿದ್ರ ಲೆವೆಲ್ ಸರಿ. ಏನೂ ಬರಲಿಲ್ಲಂದ್ರ ಕಮ್ಮಿ ಅದ, ಇನ್ನಷ್ಟು ಹಾಕ್ರಿ.

ಇದು ಆಯಿಲಿನ ಬಿಸಿ ಮ್ಯಾಲೆ ನಿಂತದ. ಇಂಥ ಡಬ್ಬಿಗೆ ಸಾಮಾನ್ಯವಾಗಿ 35ರಿಂದ 45 ಡಿಗ್ರಿ ಹೇಳ್ತಾರ, ನಿಮ್ಮ ಗಾಡಿ ರಿಪೇರಿ ಪುಸ್ತಕದಾಗ ಖಾತ್ರಿ ಮಾಡ್ಕೊಳ್ರಿ. ಹೆಚ್ಚು ಬಿಸಿ ಆದ್ರ ಆಯಿಲ್ ಉಬ್ಬಿ ಜಾಸ್ತಿ ಹರೀತದ, ಆರಿದ ಮ್ಯಾಲೆ ಒಳಗ ಕಮ್ಮಿ ಬೀಳ್ತದ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ನೆಳ್ಳಾಗೇ 42 ಇರ್ತದ, ಗಾಡಿ ಚಾಲೂ ಮಾಡೋಕ ಮೊದಲೇ ಆಟ ಮುಗೀತು! ನಸುಕಿನ್ಯಾಗ ಐದೂವರೆಗೆ ಶುರು ಮಾಡ್ರಿ. ಬಿಸಿ ಎಷ್ಟದ ಅಂತ ಗಾಡಿ ಕಂಪ್ಯೂಟರಿಗೆ ಚುಚ್ಚೋ ಓಬಿಡಿ ಸ್ಕ್ಯಾನರಿನಾಗ ನೋಡ್ರಿ, ಕೈ ಮುಟ್ಟಿ ಅಂದಾಜು ಬ್ಯಾಡ.

ಗಾಡಿ ಸಮತಟ್ಟ ಇರಬೇಕು. ಮುಂದಿಂದಷ್ಟೇ ಜಾಕ್ ಏರಿಸಿದ್ರ ಲೆವೆಲ್ ಸುಳ್ಳು ಹೇಳ್ತದ. ಇನ್ನೋವಾ ಎತ್ತರದ ಗಾಡಿ, ಹೊಟ್ಟಿ ಇಲ್ಲದವರು ಹಂಗೇ ತೂರಬಹುದು. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡ್ರಿ.

ಒಮ್ಮೆ ಇಳಿಸಿದ್ರ ಪೂರಾ ಬರಂಗಿಲ್ಲ, ಎಂಜಿನ್ನಿಗೂ ಗೇರ್ ಡಬ್ಬಿಗೂ ನಡುವಿನ ಕನ್ವರ್ಟರಿನಾಗ ಉಳೀತದ. ರೂಪಾಯಿಗೆ ಆರಾಣೆ ಹೊಸದಾಯ್ತು ಅಂತ ಹಿಡೀರಿ. ಎರಡನೇ ಸಲಕ್ಕ ಹತ್ತಾಣೆ ಹತ್ರ, ಮೂರನೇದಕ್ಕ ಹನ್ನೆರಡಾಣೆ. ಸಾಕು. ಡಬ್ಲ್ಯೂಎಸ್ ಅಂತ ಬರೆದ ಎಟಿಎಫ್ಫೇ (ಆಟೊಮ್ಯಾಟಿಕ್ ಗೇರ್ ಆಯಿಲ್) ಹಾಕ್ರಿ. ಪ್ಯಾನಿನ ಮ್ಯಾಗ್ನೆಟ್ಟಿಗೆ ಕರೀ ಪೇಸ್ಟಿನಂಗ ಅಂಟಿದ್ರ ಹೆದರಬ್ಯಾಡ್ರಿ. ಚೂರು ಸಿಕ್ರ ಅಥವಾ ಆಯಿಲ್ ಸುಟ್ಟ ವಾಸನಿ ಹೊಡೆದ್ರ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸ್ರಿ.

ಕೌಲ್ ಬಜಾರ್, ಬಳ್ಳಾರಿ (ಮೂರು ವಾರದ ಮೇಲೆ)

ಆಯ್ತು ಸರ್. ನಸುಕಲ್ಲೇ ಮಾಡಿದೆ. ಮೇಲಿನ ಬೋಲ್ಟಿಗೆ ಹಿಂದಿನ ರಾತ್ರಿನೇ ತುಕ್ಕು ಸಡಿಲಿಸೋ ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿಟ್ಟಿದ್ದೆ, ಕೊಪ್ಪಳದವರ ಪುಣ್ಯ. 3.4 ಲೀಟರ್ ಇಳೀತು, ಟೀ ಡಿಕಾಕ್ಷನ್ ಬಣ್ಣ. ಹೊಸದು ದಾಳಿಂಬೆ ರಸದ ಹಾಗೆ ಕೆಂಪು. ಸ್ಕ್ಯಾನರಲ್ಲಿ 41 ತೋರಿಸುವಾಗ ಹನಿಗೆ ಬಂತು, ಮುಚ್ಚಿದೆ. ನಿನ್ನೆ ಎರಡನೇ ಸಲವೂ ಆಯ್ತು, ಜಗ್ಗೋದು ಮುಕ್ಕಾಲು ಕಮ್ಮಿಯಾಗಿದೆ. ಹಳೆ ಆಯಿಲ್ ಗ್ಯಾರೇಜಿನ ಡ್ರಮ್ಮಿಗೆ ಕೊಡೋಣ ಅಂತಿದ್ದೆ, ಪಕ್ಕದ ಮನೆ ತಾತ ಗೇಟಿನ ಕೀಲಿಗೆ ಬೇಕಂತ ಒಂದು ಬಾಟಲಿ ಈಗಾಗಲೇ ಒಯ್ದಿದಾರೆ.