ಎಡ ತಿರುವಿನಲ್ಲಿ ಮಾತ್ರ ಹಿಂಬದಿ ಜಾರುವ 1/10 ರಿಮೋಟ್ ಬಗ್ಗಿ: ಎಲ್ಲಿಂದ ಶುರು ಮಾಡಲಿ?

ಧೂಳ್ಗಾಲಿ (ಪ್ರಶ್ನೆ):

ನಿಜ ಗಾಡಿಯ ಹತ್ತನೇ ಒಂದು ಅಳತೆಯ (1/10) ಟೂ ವೀಲ್ ಡ್ರೈವ್ ರಿಮೋಟ್ ಕಂಟ್ರೋಲ್ ಬಗ್ಗಿ, ಮಿಡ್ ಮೋಟರ್ (ಮೋಟರ್ ನಡುವೆ), 17.5 ಟರ್ನ್ ಬ್ರಶ್‌ಲೆಸ್ ಮೋಟರ್, 2ಎಸ್ ಲಿಪೊ ಬ್ಯಾಟರಿ, ಹಿಂದೆ ಬಾಲ್ ಡಿಫ್ (ಗುಂಡುಗಳಿರುವ ಡಿಫರೆನ್ಷಿಯಲ್). ಟ್ರ್ಯಾಕ್ ಗಟ್ಟಿ ಮಣ್ಣಿನದು, ಮೇಲೆ ತೆಳುವಾಗಿ ಧೂಳು, ಎರಡು ಡಬಲ್ ಜಂಪ್ ಇವೆ.

ತೊಂದರೆ ಎರಡು. ಎಡಕ್ಕೆ ತಿರುಗಿ ಹೊರಬರುವಾಗ ಥ್ರಾಟಲ್ ಮುಟ್ಟಿದರೆ ಸಾಕು, ಹಿಂಬದಿ ಸುತ್ತಿಕೊಂಡುಬಿಡುತ್ತೆ. ಬಲ ತಿರುವಿನಲ್ಲಿ ಇಷ್ಟಿಲ್ಲ. ಇನ್ನು ಜಂಪ್ ಇಳಿದಾಗ ಚಾಸಿ ನೆಲಕ್ಕೆ ಟಪ್ಪನೆ ಬಡಿದು ಮತ್ತೆ ಪುಟಿಯುತ್ತೆ.

ಇಲ್ಲಿವರೆಗೆ ಮಾಡಿದ್ದು: ಹಿಂದಿನ ಸ್ಪ್ರಿಂಗ್ ಒಂದು ಹಂತ ಮೆದು, ಹಿಂದಿನ ಶಾಕ್ ಆಯಿಲ್ 350ರಿಂದ 275 ಸಿಎಸ್‌ಟಿ (ಆಯಿಲ್ ಎಷ್ಟು ಮಂದ ಅನ್ನೋ ಅಳತೆ), ಹಿಂದಿನ ಟೋ-ಇನ್ (ಗಾಲಿಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವ ಕೋನ) 3ರಿಂದ 3.5 ಡಿಗ್ರಿ, ಹಿಂದಿನ ಕ್ಯಾಂಬರ್ ಲಿಂಕ್ (ಗಾಲಿಯ ವಾಲಿಕೆ ಹಿಡಿದಿಡುವ ಮೇಲಿನ ಕಡ್ಡಿ) ಒಂದು ತೂತು ಒಳಗೆ. ಜಾರೋದು ಹಾಗೇ ಇದೆ, ಪುಟಿಯೋದು ಜಾಸ್ತಿಯಾಗಿದೆ. ಮುಂದೇನು?

ಪಿನಿಯನ್21:

ಮೊದಲು ಆ ನಾಲ್ಕನ್ನೂ ವಾಪಸ್ ತಗೊಳ್ಳಿ. ಕಿಟ್ ಜೊತೆ ಬಂದ ಸೆಟಪ್ ಶೀಟ್‌ನಲ್ಲಿ ಏನಿದೆಯೋ ಅದೇ ಇರಲಿ. ನಾಲ್ಕು ಒಟ್ಟಿಗೆ ಬದಲಾಯಿಸಿದ ಮೇಲೆ ಯಾವುದು ಕೆಲಸ ಮಾಡ್ತು, ಯಾವುದು ಕೆಡಿಸ್ತು ಅಂತ ಯಾರೂ ಹೇಳೋಕಾಗಲ್ಲ.

ಎರಡೂ ಕಡೆ ಒಂದೇ ರೀತಿ ಜಾರಿದ್ರೆ ಅದು ಸೆಟಪ್ ಮಾತು. ಒಂದೇ ಕಡೆ ಜಾರಿದ್ರೆ ಗಾಡಿಯಲ್ಲೇ ಎಲ್ಲೋ ಎಡ-ಬಲ ವ್ಯತ್ಯಾಸ ಇದೆ. ಟೋ-ಇನ್ ಹೆಚ್ಚಿಸಿ ಅದನ್ನು ಮುಚ್ಚಬಹುದು, ಸರಿ ಮಾಡೋಕಾಗಲ್ಲ. ಟೇಬಲ್ ಮೇಲಿಟ್ಟು ಹೀಗೆ ನೋಡಿ:

ಹಿಂದಿನ ಶಾಕ್ ಎರಡನ್ನೂ ಬಿಚ್ಚಿ ಆರ್ಮ್ (ಗಾಲಿ ಹಿಡಿದಿರುವ ತೋಳು) ಎತ್ತಿ ಬಿಡಿ. ತನ್ನ ತೂಕಕ್ಕೇ ಸಲೀಸಾಗಿ ಬೀಳಬೇಕು. ಅರ್ಧದಲ್ಲಿ ನಿಂತರೆ ಹಿಂಜ್ ಪಿನ್ (ಆರ್ಮ್ ಆಡುವ ಕೀಲಿನ ಕಡ್ಡಿ) ಬಾಗಿದೆ, ಇಲ್ಲವೇ ಒಳಗೆ ಮಣ್ಣು ಕೂತಿದೆ. ಪಿನ್ ತೆಗೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಂಟುತ್ತಾ ಉರುಳುತ್ತೆ. ಶಾಕ್ ಶಾಫ್ಟ್‌ಗೂ ಇದೇ ಪರೀಕ್ಷೆ.

ಶಾಕ್ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ, ಮೇಲಿನ ತೂತಿನಿಂದ ಕೆಳಗಿನ ಬಾಲ್ ಕಪ್‌ವರೆಗೆ (ಶಾಫ್ಟ್ ತುದಿಗೆ ತಿರುಗಿಸಿ ಕೂರಿಸುವ ಭಾಗ). ಕಾಲರ್ (ಸ್ಪ್ರಿಂಗ್ ಬಿಗಿಸುವ ಬಳೆ) ಎರಡೂ ಒಂದೇ ಎತ್ತರದಲ್ಲಿದ್ದರೆ ಸಾಕು ಅಂದ್ಕೊಳ್ತಾರೆ. ಆದರೆ ಬಾಲ್ ಕಪ್ ಒಂದೆರಡು ಸುತ್ತು ಕಡಿಮೆ ಬಿಗಿದಿದ್ದರೆ ಆ ಮೂಲೆ ಎತ್ತರ ನಿಲ್ಲುತ್ತೆ, ಜಾಸ್ತಿ ಭಾರವನ್ನೂ ಹೊರುತ್ತೆ. ಎಡ ತಿರುವಿನಲ್ಲಿ ಭಾರ ಬಲಕ್ಕೆ ಸರಿಯೋದರಿಂದ, ಬಲ ಹಿಂಬದಿ ಮತ್ತು ಎಡ ಮುಂಬದಿ ಮೊದಲೇ ಹೆಚ್ಚು ಭಾರ ಹೊತ್ತಿದ್ದರೆ ಎಡಕ್ಕೆ ತಿರುಗುವಾಗಲೇ ಹಿಂಬದಿ ಬಿಟ್ಟುಕೊಡುತ್ತೆ. ನಿಮ್ಮ ಲಕ್ಷಣ ಅದಕ್ಕೇ ಹೊಂದುತ್ತೆ.

ಶಾಕ್ ಮತ್ತೆ ಹಾಕಿ, ಬ್ಯಾಟರಿ ಇಟ್ಟು, ಹಿಂಬದಿಯನ್ನು ನಟ್ಟನಡುವೆ ಸ್ಕ್ರೂಡ್ರೈವರ್ ತುದಿಯಿಂದ ನಿಧಾನ ಎತ್ತಿ. ಎರಡೂ ಗಾಲಿ ಒಟ್ಟಿಗೇ ನೆಲ ಬಿಡಬೇಕು. ಮುಂದೂ ಹಾಗೇ.

ಕೊನೆಗೆ ಸ್ಟೀರಿಂಗ್. ನಡೆಯುವ ವೇಗದಲ್ಲಿ ಪೂರ್ತಿ ಎಡಕ್ಕೆ ಒಂದು ಸುತ್ತು, ಪೂರ್ತಿ ಬಲಕ್ಕೆ ಒಂದು ಸುತ್ತು ಹಾಕಿ ವೃತ್ತದ ಅಗಲ ಅಳೆಯಿರಿ. ಎಡ ವೃತ್ತ ಚಿಕ್ಕದಿದ್ದರೆ ಎಡಕ್ಕೆ ಹೆಚ್ಚು ಸ್ಟೀರಿಂಗ್ ಸಿಗ್ತಿದೆ ಅಂತ. ರಿಮೋಟ್‌ನ ಟ್ರಿಮ್ ಸೊನ್ನೆಗೆ ತಂದು, ಸರ್ವೊ ಹಾರ್ನ್ (ಸ್ಟೀರಿಂಗ್ ತಿರುಗಿಸುವ ಮೋಟರ್‌ನ ತೋಳು) ಬಿಚ್ಚಿ ಹತ್ತಿರದ ಹಲ್ಲಿಗೆ ನೇರ ಕೂರಿಸಿ. ಉಳಿದ ಚೂರನ್ನು ಮಾತ್ರ ಸಬ್-ಟ್ರಿಮ್‌ನಲ್ಲಿ (ರಿಮೋಟ್‌ನ ಸೂಕ್ಷ್ಮ ಹೊಂದಾಣಿಕೆ) ತೆಗೆದು, ಆಮೇಲೆ ಎಂಡ್ ಪಾಯಿಂಟ್ (ಸ್ಟೀರಿಂಗ್ ಎಷ್ಟರವರೆಗೆ ತಿರುಗಬೇಕೆಂಬ ಮಿತಿ) ಎಡ-ಬಲ ಸಮ ಮಾಡಿ.

ಆಯಿಲ್‌ಬುಡ್ಡಿ:

ಜಂಪ್ ವಿಷಯಕ್ಕೆ. ಬಡಿಯೋದು ಬೇರೆ, ಪುಟಿಯೋದು ಬೇರೆ. ಚಾಸಿ ಬಡಿದರೆ ಶಾಕ್ ಪೂರ್ತಿ ಕುಗ್ಗಿಹೋಗ್ತಿದೆ. ಆಮೇಲೆ ಪುಟಿದರೆ ಸ್ಪ್ರಿಂಗ್ ಹಿಂದಕ್ಕೆ ಒದೆಯೋದನ್ನು ಆಯಿಲ್ ತಡೀತಿಲ್ಲ. 275ಕ್ಕೆ ಇಳಿಸಿದ್ದು ಎರಡಕ್ಕೂ ಉಲ್ಟಾ ಹೆಜ್ಜೆ.

ಆಯಿಲ್ ಬದಲಿಸುವ ಮೊದಲು ಶಾಕ್ ಒಳಗೆ ಗಾಳಿ ಇದೆಯಾ ನೋಡಿ. ಸ್ಪ್ರಿಂಗ್ ತೆಗೆದು, ಕಿವಿ ಹತ್ತಿರ ಹಿಡಿದು ಶಾಫ್ಟ್ ಒತ್ತಿ. ಬ್ಲಾಡರ್ (ಕ್ಯಾಪ್ ಕೆಳಗಿನ ರಬ್ಬರ್ ಪೊರೆ) ಇರುವ ಶಾಕ್‌ನಲ್ಲಿ ಚುಯ್ ಚುಯ್ ಸದ್ದು ಬಂದರೆ ಮತ್ತೆ ತುಂಬಲೇಬೇಕು. ಶಾಫ್ಟ್ ಪೂರ್ತಿ ಹೊರಗೆಳೆದು ಅಂಚಿನವರೆಗೆ ಆಯಿಲ್ ಹಾಕಿ, ಪಿಸ್ಟನ್ ಆಯಿಲ್ ಮಟ್ಟದಿಂದ ಮೇಲೆ ಬರದ ಹಾಗೆ ನಿಧಾನ ಮೇಲೆ ಕೆಳಗೆ ಆಡಿಸಿ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ. ಗುಳ್ಳೆ ಎಲ್ಲ ಮೇಲೆ ಬಂದ ಮೇಲೆ ಬ್ಲಾಡರ್ ಇಟ್ಟು, ಕ್ಯಾಪ್ ಸಡಿಲವಾಗಿ ತಿರುಗಿಸಿ, ಶಾಫ್ಟ್ ಒಳಗೆ ತಳ್ಳಿ ಹೆಚ್ಚಿನ ಆಯಿಲ್ ಹೊರಬಿಟ್ಟು ಬಿಗಿಯಿರಿ. ಎಡ-ಬಲ ಜೋಡಿಯನ್ನು ಒಟ್ಟಿಗೆ ಒತ್ತಿ ಬಿಟ್ಟಾಗ ಎರಡೂ ಅಷ್ಟೇ ದೂರ ವಾಪಸ್ ಬರಬೇಕು. ಇದು ಹೊಂದದಿದ್ದರೂ ಒಂದು ಕಡೆ ಜಾರುವ ಚಾಳಿ ಬರುತ್ತೆ.

350ಕ್ಕೆ ವಾಪಸ್ ಹೋಗಿ, ರೈಡ್ ಹೈಟ್ (ನೆಲದಿಂದ ಚಾಸಿಯ ಎತ್ತರ) ಹಿಂದೆ ಮುಂದೆ 22 ಮಿ.ಮೀ. ಇಟ್ಟು 15-20 ಸೆಂ.ಮೀ. ಎತ್ತರದಿಂದ ಸಪಾಟು ನೆಲಕ್ಕೆ ಬಿಡಿ. ಚಾಸಿ ನೆಲ ಸವರಿ ಒಂದೇ ಸಲ ಎದ್ದು ನಿಲ್ಲಬೇಕು. ಮೊಬೈಲ್‌ನಲ್ಲಿ ಸ್ಲೋ ಮೋಷನ್ ತೆಗೆದರೆ ಕಣ್ಣಿಗೆ ಕಾಣದ್ದು ಕಾಣುತ್ತೆ.

ಇನ್ನೂ ಬಡಿದರೆ 400 ನೋಡಿ, ಅಥವಾ ಪಿಸ್ಟನ್ ತೂತು 1.7ರಿಂದ 1.6 ಮಿ.ಮೀ.ಗೆ ಇಳಿಸಿ. ಎರಡರ ಪರಿಣಾಮ ಒಂದೇ ಅಲ್ಲ. ಶಾಫ್ಟ್ ಜೋರಾಗಿ ನುಗ್ಗಿದಾಗ ಚಿಕ್ಕ ತೂತಿನಲ್ಲಿ ಆಯಿಲ್ ಸರಿಯೋಕಾಗದೆ ಬಿಗಿ ಹಿಡಿಯುತ್ತೆ. ಜಂಪ್‌ಗೆ ಇದು ಒಳ್ಳೇದು, ಸಣ್ಣ ಸಣ್ಣ ಉಬ್ಬು ಇರುವ ಟ್ರ್ಯಾಕ್‌ನಲ್ಲಿ ಗಾಡಿ ಕುಣಿಸುತ್ತೆ. ಅಂದ ಹಾಗೆ, ಆಯಿಲ್ ಡಬ್ಬಿ ಮೇಲಿನ ವೇಟ್ (ಮಂದತೆ ಹೇಳುವ ಇನ್ನೊಂದು) ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಸಿಎಸ್‌ಟಿ ಲೆಕ್ಕವನ್ನೇ ಹಿಡಿಯಿರಿ.

ಪಿನಿಯನ್21:

ಥ್ರಾಟಲ್ ಕೊಟ್ಟಾಗಲೇ ಜಾರೋದರಿಂದ ಸ್ಲಿಪ್ಪರ್ (ಮೋಟರ್ ಸೆಳೆತ ಅತಿಯಾದಾಗ ಜಾರಿಕೊಡುವ ಕ್ಲಚ್) ಕೂಡ ನೋಡಿ. ಎರಡೂ ಹಿಂದಿನ ಗಾಲಿ ಗಟ್ಟಿ ಹಿಡಿದು ಸ್ಪರ್ ಗೇರನ್ನು (ಮೋಟರ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಹೆಬ್ಬೆರಳಿಂದ ತಳ್ಳಿ. ಕಷ್ಟಪಟ್ಟು ಜಾರಬೇಕು, ಜಾರುವುದು ಸ್ಲಿಪ್ಪರೇ ಆಗಿರಬೇಕು. ಡಿಫ್ ಮೊದಲು ಜಾರಿದರೆ ಅದರ ಗುಂಡು, ಪ್ಲೇಟ್ ಎರಡೂ ಬೇಗ ಹಾಳಾಗುತ್ತವೆ. ಟ್ರ್ಯಾಕ್‌ನಲ್ಲಿ ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮೊದಲ ಅರ್ಧ ಮೀಟರ್ ಸ್ಲಿಪ್ಪರ್ ಸದ್ದು ಕೇಳಿ ನಿಂತರೆ ಸರಿಯಾಗಿದೆ.

ಧೂಳ್ಗಾಲಿ:

ಅಳತೆ ಸಿಕ್ತು. ಬಲ ಹಿಂದಿನ ಶಾಕ್ 1.5 ಮಿ.ಮೀ. ಉದ್ದ ಇತ್ತು, ಬಾಲ್ ಕಪ್ ಪೂರ್ತಿ ಕೂತಿರಲಿಲ್ಲ. ವೃತ್ತ ಎಡಕ್ಕೆ 190 ಸೆಂ.ಮೀ., ಬಲಕ್ಕೆ 220. ಹಾರ್ನ್ ಒಂದು ಹಲ್ಲು ತಪ್ಪಿತ್ತು. ಎರಡೂ ಸರಿ ಮಾಡಿ, ಕಿಟ್ ಸೆಟಪ್, 350 ಆಯಿಲ್. ಈಗ ಎಡ-ಬಲ ಒಂದೇ ಥರ. ಇನ್ನೂ ಸ್ವಲ್ಪ ಜಾರುತ್ತೆ, ಆದರೆ ಹಿಡಿತಕ್ಕೆ ಸಿಗುತ್ತೆ.

ಪಿನಿಯನ್21:

ಈಗ ಸೆಟಪ್‌ಗೆ ಕೈ ಹಾಕಬಹುದು. ಮೊದಲು ಟೈರ್. ಅಂಚಿನಲ್ಲಿ ಅಂಟು ಬಿಟ್ಟಿದೆಯಾ ಒತ್ತಿ ನೋಡಿ, ಟೈರ್ ಮೇಲಿನ ಮುಳ್ಳುಗಳು (ಪಿನ್) ಅರ್ಧ ಸವೆದಿದ್ದರೆ ಬೇರೆ ಏನೂ ಮುಟ್ಟಬೇಡಿ. ಟೈರ್ ಸರಿಯಿದ್ದರೆ ಹಿಂದಿನ ಕ್ಯಾಂಬರ್ ಲಿಂಕ್ ಒಂದು ತೂತು ಒಳಗೆ, ಅದೊಂದೇ. ಲಿಂಕ್ ಉದ್ದವಾದ ಮೇಲೆ ಕ್ಯಾಂಬರ್ ಮತ್ತೆ ಅಳೆದು ಮೈನಸ್ 1 ಡಿಗ್ರಿಗೆ (ಗಾಲಿಯ ಮೇಲ್ತುದಿ ಒಳಕ್ಕೆ ವಾಲಿದಂತೆ) ತನ್ನಿ. ಇದನ್ನು ಮರೆತು ಲಿಂಕಿನ ಮೇಲೆ ತಪ್ಪು ಹೊರಿಸುವವರೇ ಹೆಚ್ಚು.

ಐದು ನಿಮಿಷ ಓಡಿಸಿ, ಬ್ಯಾಟರಿ ಚಾರ್ಜ್ ಮಾಡಿ, ಹಳೇ ತೂತಿಗೆ ವಾಪಸ್ ಹಾಕಿ ಮತ್ತೆ ಐದು ನಿಮಿಷ. ಹಳೆಯದಕ್ಕೆ ಮರಳಿದಾಗ ಸುತ್ತಿನ ಸಮಯವೂ ಹಳೆಯದಕ್ಕೆ ಮರಳಿದರೆ ಮಾತ್ರ ಆ ಬದಲಾವಣೆ ನಿಜ. ಇಲ್ಲದಿದ್ದರೆ ಟ್ರ್ಯಾಕ್ ಬದಲಾಗಿದೆ, ಅಥವಾ ನಿಮ್ಮ ಕೈ ಪಳಗಿದೆ. ಅತಿ ವೇಗದ ಸುತ್ತು ನೋಡಬೇಡಿ, ಎಲ್ಲ ಸುತ್ತುಗಳ ಸರಾಸರಿ ಬರೆದಿಡಿ. ಪ್ರತಿ ಓಟ ಮುಗಿದ ಕೂಡಲೇ ಮೋಟರ್ ಶಾಖವನ್ನೂ ಅದೇ ಸಾಲಿನಲ್ಲಿ ಬರೆಯಿರಿ. 75 ಡಿಗ್ರಿ ದಾಟಿದರೆ ಪಿನಿಯನ್ (ಮೋಟರ್ ಮೇಲಿನ ಚಿಕ್ಕ ಹಲ್ಲುಚಕ್ರ) ಒಂದು ಹಲ್ಲು ಚಿಕ್ಕದು ಹಾಕಿ, ಗೇರ್ ಮೆಶ್ (ಎರಡು ಹಲ್ಲುಚಕ್ರಗಳ ನಡುವಿನ ಸಂದು) ಕಾಗದದ ಚೂರು ಇಟ್ಟು ಮತ್ತೆ ಹೊಂದಿಸಿ.