ಕಾರ್ಟೂನ್ ರಿಯಾಕ್ಷನ್ ವಿಡಿಯೊಗಳನ್ನು ಮಕ್ಕಳಿಗೆ ತೋರಿಸಬಹುದೇ?

ಪ್ರಶ್ನೆ: ಎಂಟು ವರ್ಷದ ನನ್ನ ಮಗಳು ಕಾರ್ಟೂನಿಗಿಂತ ಅದನ್ನು ನೋಡುತ್ತಾ ಬೇರೆಯವರು ಪ್ರತಿಕ್ರಿಯಿಸುವ ವಿಡಿಯೊಗಳನ್ನೇ ಹೆಚ್ಚು ನೋಡುತ್ತಿದ್ದಾಳೆ. ಇವು ಅವಳ ವಯಸ್ಸಿಗೆ ತಕ್ಕವೇ ಎಂದು ನಿರ್ಧರಿಸುವುದು ಹೇಗೆ?

ಉತ್ತರ 1: ಮೂಲ ಕಾರ್ಟೂನ್ ಮಕ್ಕಳದ್ದೆಂಬ ಕಾರಣಕ್ಕೆ ದಯವಿಟ್ಟು ನಿಶ್ಚಿಂತರಾಗಬೇಡಿ. ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ಕುಳಿತವರು ಎಷ್ಟೋ ಸಲ ದೊಡ್ಡವರನ್ನು ಉದ್ದೇಶಿಸಿಯೇ ಮಾತನಾಡುತ್ತಿರುತ್ತಾರೆ. ಬೈಗುಳ, ದ್ವಂದ್ವಾರ್ಥ, ಪಾತ್ರವೊಂದರ ಮೈಬಣ್ಣವನ್ನೋ ದಪ್ಪವನ್ನೋ ಆಡಿಕೊಳ್ಳುವ ಮಾತುಗಳು ನುಸುಳುವುದು ಅಲ್ಲಿಯೇ ಆದ್ದರಿಂದ, ಆರಂಭದ ಒಂದೆರಡು ನಿಮಿಷವನ್ನಷ್ಟೇ ಅಲ್ಲದೆ ನಡುಭಾಗವನ್ನೂ ಧ್ವನಿ ಸಹಿತ ನೋಡಿ.

ಉತ್ತರ 2: ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ಚಾನೆಲ್‌ಗಳು ಮಾತ್ರ ಕಾಣುವಂತೆ ಮಾಡಬಹುದು. ಒಂದು ವಿಡಿಯೊ ಮುಗಿದೊಡನೆ ಮುಂದಿನದು ತಾನಾಗಿ ಶುರುವಾಗುವ ಆಟೋಪ್ಲೇಯನ್ನೂ ನಿಲ್ಲಿಸಿ.

ಉತ್ತರ 3: ಸೆಟ್ಟಿಂಗ್‌ಗಳಷ್ಟೇ ಸಾಲವು. ಜೊತೆಯಲ್ಲಿ ಕುಳಿತು, "ಅವರು ಅಷ್ಟು ಜೋರಾಗಿ ಕಿರುಚಿದ್ದೇಕೆ?" ಎಂದು ಕೇಳಿ, ಆ ಅಬ್ಬರ ನೋಡುಗರನ್ನು ಹಿಡಿದಿಡಲು ಮಾಡಿದ್ದೆಂದು ಮಗುವಿಗೆ ಹೊಳೆಯದಿದ್ದರೆ, ಅಂಥ ವಿಡಿಯೊಗಳನ್ನು ಸದ್ಯಕ್ಕೆ ಬಿಡಿಸುವುದೇ ಒಳ್ಳೆಯದು.